ಕವಲು ಕೊಂಬೆಯನ್ನು ಬಳೆಯಾಗಲು ಒಪ್ಪಿಸುವ ಪಾಡು

ಜಪಾನಿನ ಮಲೆಹೊಳೆಗಳಲ್ಲಿ ಯಮಾಮೆ, ಇವಾನಾ ಮೀನಿಗೆ ಗಾಳ ಹಾಕುವವರ ಸೊಂಟದಲ್ಲಿ ಮರದ ಕೈಬಲೆಯೊಂದು ಸಿಕ್ಕಿಸಿರುತ್ತದೆ. ಹೆಸರು ತಾಮೊ. ಗಾಳಕ್ಕೆ ಬಿದ್ದ ಮೀನು ಕೊನೆಯ ಗಳಿಗೆಯಲ್ಲಿ ಕೈಕೊಡದಂತೆ ಕೆಳಗಿನಿಂದ ಎತ್ತಿಕೊಳ್ಳುವುದು ಅದರ ಕೆಲಸ. ನೋಡುವವರಿಗೆ ಪೂರಿ ತೆಗೆಯುವ ಜಾಲರಿ ಸೌಟಿಗೆ ಚೀಲ ಕಟ್ಟಿದಂತೆ ಕಾಣುತ್ತದೆ. ‘ಇಷ್ಟೇನಾ?’ ಅನ್ನಿಸುತ್ತದೆ. ಆ ‘ಇಷ್ಟೇನಾ’ ಮುಗಿಯಲು ಒಂದು ವರ್ಷವೂ ಸಾಲದೆ ಹೋಗಬಹುದು.

ಹಿಡಿಕೆ ಮತ್ತು ಬಳೆ ಎರಡೂ ಒಂದೇ ಕೊಂಬೆಯವಾಗಿರಬೇಕು ಎಂಬಲ್ಲಿಂದ ರಗಳೆ ಶುರು. ಕಾಯಾ, ಮೋಮಿಯಂಥ ಸೂಜಿಯೆಲೆಯ ಮರಗಳಲ್ಲಿ ಕೊಂಬೆ ತ್ರಿಶೂಲದಂತೆ ಕವಲೊಡೆಯುತ್ತದೆ. ನಡುವಿನದನ್ನು ಕತ್ತರಿಸಿ ಎಸೆದು, ಅಕ್ಕಪಕ್ಕದ ಎರಡನ್ನು ಬಾಗಿಸಿ ಬಳೆ ಮಾಡಬೇಕು. ಎರಡೂ ಒಂದೇ ಜಾಗದಿಂದ, ಒಂದೇ ದಪ್ಪದಲ್ಲಿ ಹೊರಟಿರಬೇಕು. ಮರದ ಮೇಲಿದ್ದಾಗ ಅವಳಿ-ಜವಳಿಯಂತಿದ್ದವು ಸಿಪ್ಪೆ ಸುಲಿದ ಮೇಲೆ ಒಂದು ಹೆಬ್ಬೆರಳು, ಇನ್ನೊಂದು ಕಿರುಬೆರಳು. ದಪ್ಪನೆಯದು ಬಾಗಲೊಲ್ಲದು, ತೆಳ್ಳನೆಯದು ಅತಿವಿನಯದಿಂದ ಬಾಗುತ್ತದೆ, ಬಳೆ ಮೊಟ್ಟೆಯಾಗುತ್ತದೆ. ದಪ್ಪದ ಕಡೆಯನ್ನು ಮೊದಲೇ ಹೆರೆದು ತೆಳುವಾಗಿಸುವುದೊಂದೇ ದಾರಿ. ಕಡಿಯಲು ಚಳಿಗಾಲವೇ ಸರಿ, ಆಗ ಕೊಂಬೆಯಲ್ಲಿ ರಸ ಕಡಿಮೆ. ಮರದ ಯಜಮಾನರನ್ನು ಕೇಳಿಯೇ ಕತ್ತಿ ಹಾಕಬೇಕು ಎಂಬುದು ಬೇರೆ ಮಾತು.

ಅಳತೆ ಸುನ್ ಲೆಕ್ಕದಲ್ಲಿ. ಒಂದು ಸುನ್ ಎಂದರೆ 3.03 ಸೆಂ.ಮೀ. ಒಂಬತ್ತು ಸುನ್ ಬಳೆಯ ಅಡ್ಡಗಲ 27 ಸೆಂ.ಮೀ. ಚಿಲ್ಲರೆ, ಸುತ್ತಳತೆ ಸುಮಾರು 86. ಹಾಗಾದರೆ ಪ್ರತಿ ಕವಲು 43 ಸಾಕಲ್ಲ ಎಂದು ಗರಗಸ ಆಡಿಸಿದವರು ಕೆಟ್ಟರು. ತುದಿಗಳು ಒಂದರ ಮೇಲೊಂದು ಕೂರಬೇಕಲ್ಲ! 50 ಬಿಟ್ಟುಕೊಂಡರೆ ಕ್ಷೇಮ.

ಬಾಗಿಸುವುದು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಿ, ಮೆದುವಾದ ಮೇಲೆ. ಮರದ ನಾರು ಒತ್ತಿದರೆ ಕುಗ್ಗುತ್ತದೆ, ಎಳೆದರೆ ಮಾತ್ರ ಹಿಗ್ಗುವುದಿಲ್ಲ. ಅದಕ್ಕೇ ಬಾಗಿನ ಹೊರಮೈ ಮೊದಲು ಸೀಳುತ್ತದೆ, ಅದೂ ಚಿಕ್ಕ ಗಂಟಿರುವ ಜಾಗದಲ್ಲಿ, ‘ಚಟ್’ ಎಂಬ ಸಣ್ಣ ಸದ್ದಿನೊಂದಿಗೆ. ಅಚ್ಚಿಗೆ ಸ್ಟೀಲ್ ಬೋಗುಣಿಯೇ ಸಾಕು. ಸುತ್ತಿ, ಬಿಗಿದು, ನೆರಳಿನಲ್ಲಿ ಆರು ತಿಂಗಳು, ಸಾಧ್ಯವಾದರೆ ವರ್ಷ ಬಿಡಬೇಕು. ಅಡುಗೆಮನೆಯಿಂದ ‘ಎರಡು ದಿನಕ್ಕೆ’ ಎಂದು ತಂದ ಬೋಗುಣಿ ಮುಂದಿನ ಹಬ್ಬಕ್ಕೂ ವಾಪಸಾಗದು. ಅವಸರಪಟ್ಟು ಬಿಚ್ಚಿದರೆ ಬಳೆ ಬಾಯಿ ಬಿಟ್ಟುಕೊಂಡು, ಸಾಲದ್ದಕ್ಕೆ ತಿರುಚಿಕೊಳ್ಳುತ್ತದೆ. ಇಂಥ ಮರಗಳ ಕೊಂಬೆ ತನ್ನ ಭಾರ ಹೊರಲು ಕೆಳಮೈಯಲ್ಲಿ ಬೇರೆ ಬಗೆಯ ಗಟ್ಟಿ ನಾರು ಬೆಳೆಸಿಕೊಂಡಿರುತ್ತದೆ. ಒಣಗುವಾಗ ಅದು ಉದ್ದುದ್ದಕ್ಕೂ ಹೆಚ್ಚು ಕುಗ್ಗುತ್ತದೆ. ಮೇಲ್ಮೈ ಒಂದು ಕಡೆ, ಕೆಳಮೈ ಒಂದು ಕಡೆ ಎಳೆದು ಬಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ತುದಿ ಕೂಡಿಸುವ ಓರೆಗೀಲಿನ ಉದ್ದ ದಪ್ಪದ ಎಂಟು ಪಟ್ಟು ಇರಲಿ: 8 ಮಿ.ಮೀ. ಕವಲಿಗೆ ಆರೂವರೆ ಸೆಂ.ಮೀ. ಹತ್ತಿರ. ಒಂದು ತುದಿಯ ಓರೆ ಮೇಲ್ಮುಖವಾದರೆ ಇನ್ನೊಂದರದು ಕೆಳಮುಖ. ಹೇಳುವಾಗ ಮಗುವಿಗೂ ಅರ್ಥವಾಗುತ್ತದೆ. ಉಳಿ ಹಿಡಿದಾಗ ಎರಡೂ ಒಂದೇ ಕಡೆ ಮುಖ ಮಾಡಿ ಕೂರುತ್ತವೆ, ಜಗಳವಾಡಿದ ಗಂಡ-ಹೆಂಡಿರ ಹಾಗೆ. ಮತ್ತೆ ಕೆತ್ತಿದರೆ ಒಂಬತ್ತು ಸುನ್ ಬಳೆ ಎಂಟಕ್ಕಿಳಿಯುತ್ತದೆ. ಕೇಳಿದವರಿಗೆ ‘ಮೊದಲೇ ಎಂಟು ಅಂದುಕೊಂಡಿದ್ದೆ’ ಎಂದರಾಯಿತು. ಎಪಾಕ್ಸಿ ಅಂಟು ಹಚ್ಚಿ ಅತಿಯಾಗಿ ಬಿಗಿಯಬೇಡಿ. ಅಂಟೆಲ್ಲ ಹೊರಬಂದು ಬೆರಳಿಗೆ ಹತ್ತುತ್ತದೆ, ಕೀಲು ಉಪವಾಸ ಬೀಳುತ್ತದೆ.

ಇನ್ನು ಉರುಶಿ ಬಳಿಯುವುದು. ಚನ್ನಪಟ್ಟಣದ ಗೊಂಬೆಯ ಅರಗು ಹುಳುವಿನದು. ಇದು ಮರದ ಸೊನೆ, ಮಾವು-ಗೇರಿನ ಕುಲದ್ದು. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕೈಗವಸು ಹಾಕಿಕೊಂಡವರೂ ಮೂಗು ತುರಿಸಿತೆಂದು ಒಮ್ಮೆ ಮುಟ್ಟಿಕೊಂಡಿರುತ್ತಾರೆ. ಮರುದಿನ ಮುಖ ಬೇರೆಯವರದು. ಇದರ ವಿಚಿತ್ರವೆಂದರೆ, ಬಿಸಿಲಿಗಿಟ್ಟರೆ ಒಣಗುವುದಿಲ್ಲ. ಅದರೊಳಗಿನ ಲ್ಯಾಕೇಸ್ ಎಂಬ ಕಿಣ್ವ ಕೆಲಸ ಮಾಡಲು ತೇವದ ಗಾಳಿ ಬೇಕು: 20–25 ಡಿಗ್ರಿ ಸೆಖೆ, ಶೇ 70–80 ಆರ್ದ್ರತೆ. ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ನೇತುಹಾಕುತ್ತಾರೆ. ಆಗುಂಬೆಯ ಆಷಾಢದಲ್ಲಿ ಪೆಟ್ಟಿಗೆಯೇ ಬೇಡ. ಪಕ್ಕದ ಹಗ್ಗದ ಮೇಲಿನ ಪಂಚೆ ಮುಗ್ಗುವಷ್ಟರಲ್ಲಿ ತಾಮೊ ಗಟ್ಟಿಯಾಗಿರುತ್ತದೆ. ತೆಳ್ಳಗೆ ಬಳಿ, ಒರೆಸು, ಒಂದು ದಿನ ಬಿಡು, ಮತ್ತೆ ಬಳಿ. ಒಂದೇ ಸಲ ದಪ್ಪಗೆ ಬಳಿದರೆ ಮೇಲ್ಪದರ ಬೇಗ ಬಿಗಿದು, ಕೆನೆಗಟ್ಟಿದ ಹಾಲಿನಂತೆ ಸುಕ್ಕಾಗುತ್ತದೆ. ಈ ತಾಪತ್ರಯ ಬೇಡವೆನ್ನುವವರು ಗೇರುಸಿಪ್ಪೆಯ ಎಣ್ಣೆಯಿಂದ ಮಾಡಿದ, ‘ಕಾಶ್ಯೂ’ ಎಂದೇ ಹೆಸರಾದ ಬಣ್ಣ ಬಳಿಯುತ್ತಾರೆ. ಗೇರುಬೀಜ ಸುಡಲು ಹೋಗಿ ಕೈ ಸುಟ್ಟುಕೊಂಡ ಕರಾವಳಿಯ ಮಕ್ಕಳಿಗೆ ಆ ಎಣ್ಣೆ ಹಳೇ ಪರಿಚಯ.

ಬಲೆಯನ್ನು ತಳದಿಂದ ಹೆಣೆಯುತ್ತ ಸುತ್ತುಸುತ್ತಿಗೂ ಕಣ್ಣು ಹೆಚ್ಚಿಸಬೇಕು. ಟಿ.ವಿ. ನೋಡುತ್ತ ಮರೆತರೆ ಚೀಲದ ಬದಲು ಕಾಲುಚೀಲ. ಕಣ್ಣು ಅಗಲವಾದರೆ ಮೀನು ತಲೆ ತೂರಿಸಿ ಕಿವಿರು ಸಿಕ್ಕಿಸಿಕೊಳ್ಳುತ್ತದೆ. ಬಿಡಿಸುವಷ್ಟರಲ್ಲಿ ಅದಕ್ಕೂ ಸಾಕು, ಹಿಡಿದವರಿಗೂ ಸಾಕು. ಆಯು ಮೀನಿನವರಿಗೆ 39 ಸೆಂ.ಮೀ. ಬಳೆ ಬೇಕು. ಅಲ್ಲಿ ಎರೆಯೂ ಜೀವಂತ ಆಯುವೇ. ಸಿಕ್ಕ ಮೀನು, ಸಿಕ್ಕಿಸಿದ ಮೀನು ಎರಡನ್ನೂ ನೀರಿನಿಂದ ಒಟ್ಟಿಗೆ ಹಾರಿಸಿ, ಗಾಳಿಯಲ್ಲೇ ತಾಮೊಗೆ ಹಿಡಿಯುತ್ತಾರೆ. ಬೌಂಡರಿ ಗೆರೆಯಲ್ಲಿ ಕ್ಯಾಚ್ ಬಿಟ್ಟವರ ಮುಖ ಹೇಗಿರುತ್ತದೆಂದು ಗೊತ್ತಲ್ಲ, ಇಲ್ಲಿ ಕೈಬಿಟ್ಟರೆ ಎರೆಯೂ ಹೋಯಿತು.

ಕೊನೆಗೆ, ತಾಮೊ ಹೊಳೆಪಾಲಾಗದಿರಲೆಂದು ಹಳೇ ಲ್ಯಾಂಡ್‌ಲೈನ್ ಫೋನಿನಂಥ ಸುರುಳಿ ದಾರದಿಂದ ಬೆನ್ನಿಗೆ ಕಟ್ಟುತ್ತಾರೆ. ಪೊದೆಯಲ್ಲಿ ನುಸುಳುವಾಗ ಬಲೆಯ ಕಣ್ಣು ಮುಳ್ಳಿಗೆ ಸಿಕ್ಕುತ್ತದೆ. ದಾರ ಎಳೆಯುತ್ತ, ಎಳೆಯುತ್ತ ಹೋಗುತ್ತದೆ. ಮುಂದೆ ಹೋಗುವವರಿಗೆ ಅದು ತಿಳಿಯುವುದು ಮುಳ್ಳು ಬಿಟ್ಟಾಗ. ವರ್ಷವಿಡೀ ಬಾಗಿಸಿಟ್ಟ ಕೊಂಬೆ ಬಂದು ಸರಿಯಾಗಿ ಬೆನ್ನಿನ ನಡುವೆ ಬಾರಿಸುತ್ತದೆ.