ಖಾಲಿ ಸೀಟಿನ ಪಾಪ ಯಾರ ತಲೆಗೆ?

ಇವತ್ತು ಬೆಳಿಗ್ಗೆ ನಮ್ಮ ಫುಟ್‌ಬಾಲ್ ಕ್ಲಬ್ಬಿನಿಂದ ಒಂದು ಇಮೇಲ್ ಬಂದಿದೆ. ಭಾಷೆ ಬಹಳ ಮೃದು. ಇಂಗ್ಲೆಂಡಿನವರು ಕುತ್ತಿಗೆ ಹಿಡಿದು ಹೊರದಬ್ಬುವಾಗಲೂ ಮೊದಲು ಕುಶಲ ವಿಚಾರಿಸುತ್ತಾರೆ. ನಿಮ್ಮ ಕುಟುಂಬದ ನಾಲ್ಕು ಸೀಸನ್ ಟಿಕೆಟ್‌ಗಳಲ್ಲಿ ಒಂದು ಸೀಟು ಸಾಕಷ್ಟು ಬಳಕೆಯಾಗುತ್ತಿಲ್ಲ ಎಂಬುದು ನಮ್ಮ ಗಮನಕ್ಕೆ ಬಂದಿದೆ, ಹೀಗೆಯೇ ಮುಂದುವರಿದರೆ ಮುಂದಿನ ಋತುವಿಗೆ ಆ ಟಿಕೆಟ್ ನವೀಕರಿಸಲು ಆಗದೇ ಇರಬಹುದು ಎನ್ನುವುದು ಸಾರಾಂಶ. ಕೊನೆಯಲ್ಲಿ, ನೀವೆಲ್ಲ ನಮ್ಮ ಕುಟುಂಬದವರೇ ಎಂಬ ಒಂದು ಸಾಲು.

ಕುಟುಂಬವಂತೆ!

ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಿದರೆ ನಾಳೆಯಿಂದ ಪ್ರತಿ ಸೋಲಿಗೂ ಇಲ್ಲಿ ಬಂದು ಸಂತಾಪ ಸೂಚಿಸುತ್ತೀರಿ. ಫುಟ್‌ಬಾಲೇ ಉಸಿರಾದ ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬೆಳೆದವಳಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಪ್ಪ ನನ್ನನ್ನು ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡಲು ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಟಿಕೆಟ್ ಎಂದರೆ ಒಂದು ಚೂರು ಕಾಗದ. ಯಾರ ಕೈಯಲ್ಲಿ ಇದೆಯೋ ಅವರು ಒಳಗೆ. ಗೇಟಿನವನು ಹರಿದು ಅರ್ಧ ವಾಪಸ್ ಕೊಡುತ್ತಿದ್ದ, ನನ್ನ ವಯಸ್ಸು ಕೇಳುತ್ತಿರಲಿಲ್ಲ.

ಊರಿನ ಗೆಳೆಯರಿಗಾಗಿ ಎರಡು ಮಾತು. ಇಂಗ್ಲೆಂಡಿನ ಅತಿ ಮೇಲಿನ ಫುಟ್‌ಬಾಲ್ ಪಂದ್ಯಾವಳಿಯಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು, ಪ್ರತಿ ತಂಡಕ್ಕೂ ತವರಿನಲ್ಲಿ 19 ಪಂದ್ಯಗಳು. ಸೀಸನ್ ಟಿಕೆಟ್ ಎಂದರೆ ಆ 19 ಪಂದ್ಯಗಳಿಗೂ ಅದೇ ಸೀಟು, ಒಟ್ಟಿಗೇ ಹಣ. ಆಗಸ್ಟ್‌ನಲ್ಲಿ ಶುರುವಾಗುವ ಆಟಕ್ಕೆ ಬೇಸಿಗೆಯಲ್ಲೇ ಕಟ್ಟಬೇಕು. ದೊಡ್ಡವರಿಗೆ ಒಂದು ದರ, ಮಕ್ಕಳಿಗೆ ಒಂದು, 18 ದಾಟಿದ ವಿದ್ಯಾರ್ಥಿ ವಯಸ್ಸಿನವರಿಗೆ ಒಂದು, ಹಿರಿಯರಿಗೆ ಇನ್ನೊಂದು. ನಮ್ಮ ನಾಲ್ಕು ಸೀಟುಗಳು ಫ್ಯಾಮಿಲಿ ಸ್ಟ್ಯಾಂಡಿನಲ್ಲಿವೆ. ಮಗ ದೊಡ್ಡವನಾದರೂ ಮಗಳು ಇನ್ನೂ ಚಿಕ್ಕವಳು ಎಂಬ ಕಾರಣಕ್ಕೆ ಅವನ ಸೀಟನ್ನೂ ಅಲ್ಲೇ ಉಳಿಸಿಕೊಟ್ಟಿದ್ದಾರೆ. ಅವನು ಈಗ ಗ್ಲಾಸ್ಗೊದಲ್ಲಿ ಓದುತ್ತಿದ್ದಾನೆ. ರಜೆಗೆ ಬಂದಾಗ ಪಂದ್ಯ, ಇಲ್ಲದಿದ್ದರೆ ಫೋನಿನಲ್ಲಿ ಅಂಕ ಕೇಳುವುದು. ಕ್ಲಬ್ಬಿನ ಕಣ್ಣು ಬಿದ್ದಿರುವುದು ಆ ಸೀಟಿನ ಮೇಲೆ.

ಸರಿ, ಖಾಲಿ ಇದೆ, ಒಪ್ಪಿದೆ. ತುಂಬಿಸಲು ಹೋದರೆ ಏನಾಗುತ್ತದೆ, ಅದನ್ನು ಕೇಳಿ.

ಅಕ್ಟೋಬರಿನಲ್ಲಿ ಅಪ್ಪ ಬೆಂಗಳೂರಿನಿಂದ ಬಂದಿದ್ದರು. ಎಪ್ಪತ್ತು ದಾಟಿದವರು, ನನಗೆ ಆಫ್‌ಸೈಡ್ ಎಂದರೇನು ಎಂದು ಕಲಿಸಿದವರು. ಮೊಮ್ಮಗನ ಸೀಟಿನಲ್ಲಿ ಅಜ್ಜ ಕುಳಿತು ಒಂದು ಪಂದ್ಯ ನೋಡಲಿ ಎಂದುಕೊಂಡೆ. ಮೊದಲ ಅಡ್ಡಿ, ಅಜ್ಜ ಕ್ಲಬ್ಬಿನ ಸದಸ್ಯರಲ್ಲ. ಹಣ ಕಟ್ಟಿ ವರ್ಷದ ಸದಸ್ಯತ್ವ ಪಡೆಯದವರಿಗೆ ಟಿಕೆಟ್ ವರ್ಗಾಯಿಸುವಂತಿಲ್ಲ. ಕಟ್ಟಿದೆ. ಎರಡನೆಯದು, ಟಿಕೆಟ್ ಮೊಬೈಲಿನಲ್ಲೇ ಇರಬೇಕು, ಅಪ್ಪನ ಹಳೆಯ ಫೋನಿಗೆ ಅದು ಇಳಿಯುವುದಿಲ್ಲ. ನನ್ನ ಹಳೆಯ ಫೋನು ಕೊಟ್ಟೆ. ಆಮೇಲೆ ಬಂತು ನಿಜವಾದ ತಮಾಷೆ. ಮಗನ ಟಿಕೆಟ್ ಯುವಕರ ದರದ್ದು, ಅಜ್ಜ ಹಿರಿಯರ ವರ್ಗದವರು. ನಮ್ಮ ಕ್ಲಬ್ಬಿನಲ್ಲಿ ಈ ಎರಡಕ್ಕೂ ದರ ಹೆಚ್ಚುಕಡಿಮೆ ಒಂದೇ. ಆದರೂ ಒಂದು ವರ್ಗದಿಂದ ಇನ್ನೊಂದಕ್ಕೆ ನೇರವಾಗಿ ದಾಟುವಂತಿಲ್ಲವಂತೆ. ಮೊದಲು ಅದನ್ನು ವಯಸ್ಕರ ಟಿಕೆಟ್ ಮಾಡಿ ವ್ಯತ್ಯಾಸದ ಹಣ ಕಟ್ಟಬೇಕು. ಅದನ್ನು ಮಾಡಲು ಹೊರಟಾಗ ವರ್ಗಾವಣೆಯ ಗಡುವು ಮುಗಿದಿತ್ತು. ಅಪ್ಪ ಮನೆಯಲ್ಲೇ ಕುಳಿತು ರೇಡಿಯೊದಲ್ಲಿ ವಿವರಣೆ ಕೇಳಿದರು. ಅವರ ಸೀಟು ನನ್ನ ಪಕ್ಕದಲ್ಲಿ ಮಡಚಿಕೊಂಡು ನಿಂತಿತ್ತು. ಕ್ಲಬ್ಬಿನ ಲೆಕ್ಕದಲ್ಲಿ ಅದು ನಾವು 'ಬಳಸದೆ ಬಿಟ್ಟ' ಪಂದ್ಯ!

ಇನ್ನು ಮಗಳ ವಿಷಯ. ಫ್ಯಾಮಿಲಿ ಸ್ಟ್ಯಾಂಡಿಗೆ ದೊಡ್ಡವರು ಮಗುವಿನ ಜೊತೆಗೇ ಬರಬೇಕು. ನಿಯಮ ಒಳ್ಳೆಯದೇ. ಮಕ್ಕಳ ನಡುವೆ ಬಿಯರ್ ಕುಡಿದು ಬಂದವರ ಗುಂಪು ಬೇಡ. ಆದರೆ ಮಗಳಿಗೆ ಜ್ವರ ಬಂದ ದಿನ ಅವಳ ಅಪ್ಪ ಮನೆಯಲ್ಲಿ ಉಳಿದರೆ ಅಮ್ಮನಾದರೂ ಹೋಗಿ ಬರುವಂತಿಲ್ಲ, ಏಕೆಂದರೆ ಅಮ್ಮನ ಕೈಯಲ್ಲಿ ಮಗುವಿಲ್ಲ. ಒಂದು ಮಗುವಿನ ಜ್ವರಕ್ಕೆ ನಾಲ್ಕು ಸೀಟು ಖಾಲಿ. ಇದನ್ನು ಸಹಾಯವಾಣಿಯ ಹುಡುಗಿಗೆ ವಿವರಿಸಿದೆ. ಪಾಪ, ಅವಳಿಗೂ ನಗು ಬಂತು. ನಿಮ್ಮ ಅಭಿಪ್ರಾಯವನ್ನು ದಾಖಲಿಸಿಕೊಂಡಿದ್ದೇನೆ ಎಂದಳು. ಎಲ್ಲಿ ದಾಖಲಿಸಿಕೊಂಡಳೋ ದೇವರೇ ಬಲ್ಲ.

ಹಾಗಾದರೆ ಮಾರಿಬಿಡಿ ಎನ್ನುತ್ತೀರಿ. ಮಾರುವುದೇ? ಈ ದೇಶದಲ್ಲಿ ಅದು ಅಪರಾಧ. 1994ರ ಅಪರಾಧ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯಿದೆಯ 166ನೇ ಕಲಂ ಪ್ರಕಾರ ಕ್ಲಬ್ಬಿನ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವಂತಿಲ್ಲ, ಕೊಂಡ ಬೆಲೆಗೂ ಮಾರುವಂತಿಲ್ಲ. ಕ್ರಿಕೆಟ್ಟಿಗೆ ಆ ಕಲಂ ಇಲ್ಲ, ಫುಟ್‌ಬಾಲಿಗೆ ಇದೆ. ಅದಕ್ಕೊಂದು ಹಿನ್ನೆಲೆಯೂ ಇದೆ, ಅದನ್ನು ಹಗುರವಾಗಿ ಮಾತಾಡುವವಳು ನಾನಲ್ಲ. 1989ರಲ್ಲಿ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ 97 ಜನ ಸತ್ತರು. ಅದರ ವಿಚಾರಣೆ ನಡೆಸಿ ಬಂದ ಟೇಲರ್ ವರದಿ ಕ್ರೀಡಾಂಗಣಗಳಲ್ಲಿ ಜನ ನಿಂತು ನೋಡುವ ಬದಲು ಎಲ್ಲರಿಗೂ ಸೀಟು ಇರಬೇಕು ಎಂದಿತು, ಕಾಳಸಂತೆಯ ಟಿಕೆಟ್ ಮಾರಾಟವನ್ನು ಅಪರಾಧ ಮಾಡಬೇಕು ಎಂದೂ ಹೇಳಿತು. ಎದುರಾಳಿ ಬೆಂಬಲಿಗರು ಬೆರೆತು ಹೊಡೆದಾಟವಾಗಬಾರದು ಎಂಬ ಕಾಳಜಿ ಅದರಲ್ಲಿತ್ತು. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಸೀಟು ಹಾಕಿದ ಮಾತ್ರಕ್ಕೆ ದರ ವಿಪರೀತ ಏರಬೇಕಾಗಿಲ್ಲ ಎಂದು ಗ್ಲಾಸ್ಗೊದ ಐಬ್ರಾಕ್ಸ್ ಕ್ರೀಡಾಂಗಣದ ಆರು ಪೌಂಡಿನ ಸೀಟನ್ನು ಉದಾಹರಣೆಯಾಗಿ ಕೊಟ್ಟಿತ್ತು. ಆ ಪುಟವನ್ನು ಕ್ಲಬ್ಬುಗಳು ಮಡಚಿ ಎಲ್ಲಿಟ್ಟವೋ! 2023-24ರಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಕ್ಲಬ್ಬಿನ ಹೊಸ ರಿವರ್‌ಸೈಡ್ ಸ್ಟ್ಯಾಂಡಿನ ಸೀಸನ್ ಟಿಕೆಟ್ 3,000 ಪೌಂಡ್ ಮುಟ್ಟಿತು.

ಅನುಮತಿ ಇರುವ ದಾರಿ ಒಂದೇ, ಕ್ಲಬ್ಬಿನದೇ ಮರುಮಾರಾಟ ವ್ಯವಸ್ಥೆ. ನಮ್ಮಲ್ಲಿ ಅದು ತೆರೆಯುವುದು ಕ್ಲಬ್ಬಿನ ಸ್ವಂತ ಟಿಕೆಟ್‌ಗಳೆಲ್ಲ ಖರ್ಚಾದ ಮೇಲೆ. ಸೀಟು ಮಾರಾಟವಾದರೆ ನನಗೆ ಬರುವುದು ವರ್ಷದ ಹಣದ ಹತ್ತೊಂಬತ್ತನೇ ಒಂದು ಪಾಲು, ಅದರಲ್ಲೂ ಸೇವಾ ಶುಲ್ಕ ಕಳೆದು. ಅದೂ ಮುಂದಿನ ಋತುವಿನ ಟಿಕೆಟ್ ಹಣದಲ್ಲಿ ಕಡಿತವಾಗುತ್ತದೆ, ಕೈಗೆ ಸಿಗುವುದಿಲ್ಲ. ಕೊಳ್ಳುವವನು ಕೊಡುವುದು ಆ ದಿನದ ಪೂರ್ತಿ ದರ. ಮಗನಿಗೆ ಯುವಕರ ದರದಲ್ಲಿ ಕೊಟ್ಟ ಅದೇ ಸೀಟಿಗೆ ವಯಸ್ಕನೊಬ್ಬನಿಂದ ಇನ್ನೊಮ್ಮೆ ವಸೂಲಿ. ನಡುವಿನ ವ್ಯತ್ಯಾಸ ಯಾರ ಜೇಬಿಗೆ ಹೋಯಿತು ಎಂದು ಲೆಕ್ಕ ಹಾಕಲು ನಮ್ಮ ಯಜಮಾನರಂತಹ ಲೆಕ್ಕಪರಿಶೋಧಕರೇ ಬೇಕಾಗಿಲ್ಲ. ಆದರೂ ಅವರು ಹಾಕಿದರು, ಆ ರಾತ್ರಿ ಊಟ ಸೇರಲಿಲ್ಲ.

ಮ್ಯಾಂಚೆಸ್ಟರ್ ಕಡೆ ಇರುವ ದಾವಣಗೆರೆಯ ಗೆಳೆಯರೊಬ್ಬರ ಜೊತೆ ಮೊನ್ನೆ ಇದೇ ವಾದವಾಯಿತು. ಅವರು ತಮ್ಮ ಕ್ಲಬ್ಬಿನ ಕಾಯುವ ಪಟ್ಟಿಯಲ್ಲಿ ವರ್ಷಗಳಿಂದ ಇದ್ದಾರೆ. "ಅಕ್ಕ, ನೀವು ಮಾಡುತ್ತಿರುವುದು ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ನಿಂತವರು ನಿಂತೇ ಇದ್ದಾರೆ, ನಿಮ್ಮ ಟವೆಲ್ ಕುಳಿತೇ ಇದೆ" ಎಂದರು. ಮಾತು ಚುರುಕಾಗಿದೆ, ದಾವಣಗೆರೆಯವರ ಬಾಯಿ. ಪಟ್ಟಿಯಲ್ಲಿ ಕಾಯುವವರ ಸಂಕಟ ನಿಜ. ಹತ್ತಾರು ಟಿಕೆಟ್ ಹಿಡಿದಿಟ್ಟು ದುಬಾರಿ ಬೆಲೆಗೆ ಬಿಡುವ ದಂಧೆಯವರೂ ಇದ್ದಾರೆ, ಅವರನ್ನು ಹಿಡಿಯಲಿ, ಯಾರು ಬೇಡ ಎಂದರು? ಆದರೆ ಟವೆಲ್ ಹಾಕಿದವನು ಇನ್ನೂ ಟಿಕೆಟ್ ಕೊಂಡಿರುವುದಿಲ್ಲ ಸ್ವಾಮಿ. ನಾನು 19 ಪಂದ್ಯದ ಹಣ ಮುಂಗಡ ಕೊಟ್ಟಿದ್ದೇನೆ. ಸೀಟು ಖಾಲಿ ಇದ್ದ ದಿನವೂ ಕ್ಲಬ್ಬಿಗೆ ಆ ಸೀಟಿನ ಹಣ ಬಂದಿದೆ. ಇಷ್ಟೇ ಏಕೆ, ಪಂದ್ಯದ ನಡುವೆ ಧ್ವನಿವರ್ಧಕದಲ್ಲಿ ಘೋಷಿಸುವ ಪ್ರೇಕ್ಷಕರ ಸಂಖ್ಯೆಯಲ್ಲಿ ಗ್ಲಾಸ್ಗೊದಲ್ಲಿರುವ ನನ್ನ ಮಗನೂ ಸೇರಿದ್ದಾನೆ! ಘೋಷಿಸುವುದು ಮಾರಾಟವಾದ ಟಿಕೆಟ್‌ಗಳನ್ನು, ಬಂದ ತಲೆಗಳನ್ನಲ್ಲ. ಹೆಮ್ಮೆಪಡುವಾಗ ಅವನು ಹಾಜರು, ಇಮೇಲ್ ಬರೆಯುವಾಗ ಗೈರುಹಾಜರು.

ಗೈರುಹಾಜರಿಗೆ ಕಾರಣ ಯಾರು ಎಂಬುದನ್ನೂ ನೋಡೋಣ. ಜೂನ್‌ನಲ್ಲಿ ಪಟ್ಟಿ ಬಂದಾಗ ಎಷ್ಟೋ ಪಂದ್ಯಗಳು ಶನಿವಾರ ಮಧ್ಯಾಹ್ನ ಮೂರಕ್ಕೆ. ಆಹಾ, ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಆ ಹೊತ್ತಿನ ಪಂದ್ಯಗಳನ್ನು ಇಲ್ಲಿ ಟಿವಿಯಲ್ಲಿ ನೇರವಾಗಿ ತೋರಿಸುವಂತಿಲ್ಲ. 2.45ರಿಂದ 5.15ರವರೆಗೆ ಪ್ರಸಾರಕ್ಕೆ ಬಹಳ ಹಳೆಯ ನಿರ್ಬಂಧವಿದೆ. 2025-26ರಿಂದ ಜಾರಿಗೆ ಬಂದ ಪ್ರಸಾರ ಒಪ್ಪಂದದ ಪ್ರಕಾರ ಋತುವಿನ 380 ಪಂದ್ಯಗಳಲ್ಲಿ ಕನಿಷ್ಠ 267 ಟಿವಿಯಲ್ಲಿ ನೇರಪ್ರಸಾರವಾಗಬೇಕು. ಅಂದರೆ ಅವನ್ನೆಲ್ಲ ಬೇರೆ ಹೊತ್ತಿಗೆ ಎತ್ತಿಡಬೇಕು. ಶುಕ್ರವಾರ ರಾತ್ರಿ, ಭಾನುವಾರ ಸಂಜೆ ನಾಲ್ಕೂವರೆ, ಸೋಮವಾರ ರಾತ್ರಿ ಎಂಟು. ಸೋಮವಾರ ರಾತ್ರಿ ಎಂಟಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಹತ್ತಾಗುತ್ತದೆ. ರೈಲು ಹಿಡಿದು ಮನೆ ಸೇರುವಾಗ ಮಗಳು ನನ್ನ ಹೆಗಲ ಮೇಲೆ, ಬೆಳಿಗ್ಗೆ ಶಾಲೆ. ಫ್ಯಾಮಿಲಿ ಸ್ಟ್ಯಾಂಡಿಗೆ ಈ ಹೊತ್ತು ಕೊಟ್ಟವರೇ, ಫ್ಯಾಮಿಲಿ ಏಕೆ ಬರಲಿಲ್ಲ ಎಂದು ಕೇಳುತ್ತಾರೆ. ಟಿವಿಯ ಹಣ ಪಡೆದು ದಿನ ಬದಲಿಸಿದ್ದಕ್ಕೆ ನನಗೇನಾದರೂ ಇಮೇಲ್ ಬಂತೇ? ನಮ್ಮ ವೇಳಾಪಟ್ಟಿ ನಿಮ್ಮ ಬದುಕಿಗೆ ಸರಿಯಾಗಿ ಬಳಕೆಯಾಗುತ್ತಿಲ್ಲ ಎಂಬುದು ನಮ್ಮ ಗಮನಕ್ಕೆ ಬಂದಿದೆ ಎಂದು ಯಾರಾದರೂ ಬರೆದರೇ?

ಖಾಲಿ ಸೀಟಿನ ಮೇಲೆ ಇಷ್ಟು ಸಿಟ್ಟಿರುವವರು ಲಂಡನ್ನಿನ ರಾಷ್ಟ್ರೀಯ ಕ್ರೀಡಾಂಗಣ ವೆಂಬ್ಲಿಯ ನಡುವಿನ ಹಂತವನ್ನು ಒಮ್ಮೆ ನೋಡಬೇಕು. 90,000 ಜನ ಹಿಡಿಸುವ ಕ್ರೀಡಾಂಗಣದಲ್ಲಿ ಅತ್ಯಂತ ದುಬಾರಿ ಸೀಟುಗಳಿರುವುದು ಅಲ್ಲಿ. ದೊಡ್ಡ ಪಂದ್ಯಗಳಲ್ಲೂ ದ್ವಿತೀಯಾರ್ಧ ಶುರುವಾದಾಗ ಅಲ್ಲಿ ಸಾಲು ಸಾಲು ಖಾಲಿ, ಜನರೆಲ್ಲ ಒಳಗೆ ಊಟದ ಮೇಜಿನ ಬಳಿ. 2000ನೇ ಇಸವಿಯಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್ ಇಂಥವರನ್ನು ಸಿಗಡಿ ಸ್ಯಾಂಡ್‌ವಿಚ್ ತಿನ್ನುವವರು ಎಂದು ಹಂಗಿಸಿದ್ದ. ಸಿಗಡಿಯವರಿಗೆ ಎಚ್ಚರಿಕೆಯ ಪತ್ರ ಹೋಗುವುದಿಲ್ಲ. ಬಾಕ್ಸ್ ಟಿಕೆಟ್‌ನವರಿಗೆ ಹಾಜರಿ ಪುಸ್ತಕವಿಲ್ಲ. ಹಾಜರಿ ಕೂಗುವುದು ಟಿಫಿನ್ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೋಗುವ ನಮ್ಮಂಥವರಿಗೆ.

ರಿಯಾಯಿತಿ ದರದ ಸೀಟು ಎಂದರೆ ಈ ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಈಗ ಸೋರುವ ಹಣ. 2024ರ ಮಾರ್ಚ್‌ನಲ್ಲಿ ಟಾಟನ್‌ಹ್ಯಾಮ್ ಹೊಸದಾಗಿ ಹಿರಿಯರ ರಿಯಾಯಿತಿ ಕೊಡುವುದನ್ನು ನಿಲ್ಲಿಸುತ್ತೇವೆ ಎಂದು ಘೋಷಿಸಿ ದಶಕಗಳಿಂದ ಬರುತ್ತಿದ್ದವರನ್ನು ರೊಚ್ಚಿಗೆಬ್ಬಿಸಿತು. ಅದೇ ವರ್ಷ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಋತುವಿನ ನಡುವೆಯೇ ಸದಸ್ಯರ ಬಿಡಿ ಟಿಕೆಟ್ ದರವನ್ನು 66 ಪೌಂಡ್ ಮಾಡಿತು, ಮಕ್ಕಳಿಗೂ ಪಿಂಚಣಿದಾರರಿಗೂ ರಿಯಾಯಿತಿ ಇಲ್ಲದೆ. ಇದನ್ನು ನೋಡಿದ ಮೇಲೆ 'ಕಡಿಮೆ ಬಳಕೆ'ಯ ನಿಯಮ ಮೊದಲು ಯಾರ ಸೀಟನ್ನು ಹುಡುಕಿಕೊಂಡು ಬರುತ್ತದೆ ಎಂದು ನನಗೆ ಸಂಶಯವಿಲ್ಲ. ನನ್ನ ಮಗನ ಅಗ್ಗದ ಸೀಟು ಹೋದರೆ ಅಲ್ಲಿಗೆ ಬರುವುದು ಪೂರ್ತಿ ದರದವನು.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ದಾವಣಗೆರೆಯವರು ಓದಿದರೂ ಓದಲಿ. ಮರುಮಾರಾಟಕ್ಕೆ ಹಾಕಬಹುದಾದ ದಿನಗಳಲ್ಲೂ ಎಷ್ಟೋ ಸಲ ನಾನು ಮಗನ ಸೀಟನ್ನು ಹಾಕಿಲ್ಲ. ಬೇಕೆಂದೇ. ಕೊನೆಯ ಗಳಿಗೆಯಲ್ಲಿ ರೈಲು ಹತ್ತಿ ಬಂದುಬಿಡುತ್ತಾನೇನೋ ಎಂಬ ಆಸೆ ಒಂದು. ಅವನು ಏಳು ವರ್ಷದವನಿದ್ದಾಗಿನಿಂದ ಕುಳಿತ ಜಾಗದಲ್ಲಿ ಯಾವನೋ ಬಂದು, ನನ್ನ ಮಗಳ ಪಕ್ಕದಲ್ಲೇ, ರೆಫರಿಯ ತಾಯಿಯನ್ನು ಜೋರಾಗಿ ನೆನೆಯುವುದು ನನಗೆ ಬೇಡ ಎಂಬುದು ಇನ್ನೊಂದು. ಅಲ್ಲಿ ನಮ್ಮ ಕೋಟುಗಳನ್ನು ಇಡುತ್ತೇವೆ. ಹಣ ಕೊಟ್ಟ ಜಾಗದಲ್ಲಿ ಕೋಟು ಇಡುವುದೂ ಒಂದು ಬಳಕೆಯೇ. ನಾಚಿಕೆಯೇನೂ ಇಲ್ಲ ನನಗೆ.

ಖಾಲಿ ಸೀಟಿಗೆ ಕ್ಲಬ್ಬುಗಳು ಏಕೆ ಇಷ್ಟು ಬೆದರುತ್ತವೆ ಎನ್ನುವುದಕ್ಕೆ 2016ರ ಫೆಬ್ರುವರಿ 6 ನೆನಪಾಗುತ್ತದೆ. ಲಿವರ್‌ಪೂಲ್ ತಂಡದ ತವರು ಆನ್‌ಫೀಲ್ಡ್‌ನಲ್ಲಿ ಸಂಡರ್‌ಲ್ಯಾಂಡ್ ಜೊತೆ ಪಂದ್ಯ. ಮುಂದಿನ ಋತುವಿಗೆ ಕೆಲವು ಟಿಕೆಟ್‌ಗಳ ದರ 77 ಪೌಂಡ್ ಎಂದು ಕ್ಲಬ್ ಪ್ರಕಟಿಸಿತ್ತು. 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2-0 ಮುಂದಿತ್ತು, ಮುಗಿದಾಗ 2-2. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಗರಿಷ್ಠ ದರವನ್ನು 59 ಪೌಂಡ್‌ನಲ್ಲೇ ಉಳಿಸಿದರು. ಅದೇ ವರ್ಷ ಪ್ರೀಮಿಯರ್ ಲೀಗ್ ಪ್ರವಾಸಿ ತಂಡದ ಬೆಂಬಲಿಗರ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಿತು. ಅಷ್ಟು ವರ್ಷ ಮನವಿ ಪತ್ರಗಳಿಂದ ಆಗದ್ದು ಹತ್ತು ಸಾವಿರ ಖಾಲಿ ಸೀಟುಗಳಿಂದ ಆಯಿತು. ಅಂದಹಾಗೆ, ಇವತ್ತಿನ ನಿಯಮದ ಪ್ರಕಾರ ಅಂದು ಎದ್ದು ಹೋದವರೆಲ್ಲರೂ ಹಾಜರಿ. ಗೇಟಿನ ಯಂತ್ರ ಒಮ್ಮೆ ಕೀಂ ಎಂದರೆ ಮುಗಿಯಿತು, ಆಮೇಲೆ ನೀವು ಒಳಗೆ ಗೊರಕೆ ಹೊಡೆದರೂ ನಿಷ್ಠಾವಂತ ಅಭಿಮಾನಿ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ನಾಲ್ಕು ಸೀಟನ್ನು ಒಂದು ಮನೆಯ ಲೆಕ್ಕದಲ್ಲಿ ನೋಡಿ. ಮನೆಯವರಲ್ಲಿ ಯಾರು ಯಾವ ಸೀಟಿನಲ್ಲಿ ಕುಳಿತರೂ ಬಿಡಿ, ವ್ಯತ್ಯಾಸದ ಹಣವಿದ್ದರೆ ಗೇಟಿನಲ್ಲೇ ತೆಗೆದುಕೊಳ್ಳಿ. ಟಿವಿಗಾಗಿ ದಿನ ಬದಲಾದ ಪಂದ್ಯಗಳನ್ನು ಹಾಜರಿಯಿಂದ ಕೈಬಿಡಿ. ಪ್ರತಿ ಕ್ಲಬ್ಬಿಗೂ ಅಭಿಮಾನಿಗಳ ಸಲಹಾ ಮಂಡಳಿ ಇರಬೇಕು ಎಂದು 2023-24ರಿಂದ ಲೀಗ್‌ನ ನಿಯಮವೇ ಇದೆಯಲ್ಲ. ನಮ್ಮ ಮಂಡಳಿಗೆ ಇದನ್ನೆಲ್ಲ ಬರೆದು ಕಳಿಸಿದ್ದೇನೆ. ಉತ್ತರ ಬಂತು. ನಾನೂ ಅವರ ಕುಟುಂಬವಂತೆ.

ಇರಲಿ. ಮುಂದಿನ ಸೋಮವಾರ ರಾತ್ರಿ ಎಂಟಕ್ಕೆ ಪಂದ್ಯವಿದೆ, ಮಗನ ಸೀಟು ಖಾಲಿ. ಈ ಕಡೆ ಇರುವ ಕನ್ನಡದ ಗೆಳೆಯರ ಮನೆಯಲ್ಲಿ 18 ದಾಟಿದ, 21 ಮುಟ್ಟದ, ಕ್ಲಬ್ಬಿನ ಸದಸ್ಯತ್ವ ಇರುವ, ಮರುದಿನ ಬೆಳಿಗ್ಗೆ ಬೇಗ ಏಳಬೇಕಾಗಿಲ್ಲದ ಹುಡುಗನೋ ಹುಡುಗಿಯೋ ಇದ್ದರೆ ಕೆಳಗೆ ತಿಳಿಸಿ. ಹಣದ ಮಾತು ಮಾತ್ರ ಎತ್ತಬೇಡಿ, 166ನೇ ಕಲಂ ಇದೆ. ಚಕ್ಕುಲಿ ತಂದರೆ ಬೇಡ ಎನ್ನುವುದಿಲ್ಲ.