ಬಿಲ್ಡಿಂಗ್ ಬೀಳಲ್ಲ, ಸರಿ. ಕೂರೋದು ಹೇಗೆ?

"ಬಿಲ್ಡಿಂಗ್ ಗಟ್ಟಿಯಾಗಿದೆ, ಹೆದರಬೇಡಿ." ಈ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಬೀಳುತ್ತದೆ ಅಂತ ನಾನು ಯಾವತ್ತು ಹೇಳಿದೆ? ಯಾರಾದರೂ ನಡೆದರೆ ನಮ್ಮ ಆಫೀಸಿನ ನೆಲ ಅದುರುತ್ತಿದೆ, ಕೂತು ಕೆಲಸ ಮಾಡಲು ಆಗುತ್ತಿಲ್ಲ ಅಂದೆ, ಅಷ್ಟೇ.

ನನ್ನ ಸೀಟು ಎರಡು ಕಂಬಗಳ ನಟ್ಟನಡುವೆ ಇದೆ. ಹಿಂದೆಯೇ ಓಡಾಡುವ ದಾರಿ. ಯಾರಾದರೂ ಸ್ವಲ್ಪ ಬಿರುಸಾಗಿ ನಡೆದರೆ ಮಾನಿಟರ್ ತೂಗಾಡುತ್ತದೆ, ಸ್ಕ್ರೀನಿನ ಅಕ್ಷರ ಎರಡೆರಡಾಗಿ ಕಾಣುತ್ತದೆ. ಅವರು ದಾಟಿ ಹೋದ ಮೇಲೂ ಬಾಟಲಿಯ ನೀರು ನಡುಗುತ್ತಲೇ ಇರುತ್ತದೆ. ಸಂಜೆ ಹೊತ್ತಿಗೆ ತಲೆ ಭಾರ, ಹೊಟ್ಟೆಯಲ್ಲಿ ಸಂಕಟ. ದೂರು ಕೊಟ್ಟರೆ ಒಬ್ಬರು "ಒಮ್ಮೆ ಬಿಪಿ ಚೆಕ್ ಮಾಡಿಸಿ" ಅಂದರು. ಮೈ ಉರಿದುಹೋಯಿತು. ನನ್ನ ಬಿಪಿಗೆ ಬಾಟಲಿಯ ನೀರು ಅಲುಗುತ್ತದಾ?

ಇದು ಭ್ರಮೆ ಅಲ್ಲ, ಲೆಕ್ಕಕ್ಕೆ ಸಿಗುವ ವಿಷಯ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು 2 ಹೆಜ್ಜೆ ಇಡುತ್ತೇವೆ. ಆ ಪೆಟ್ಟಿನೊಳಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನವೂ ಸಣ್ಣದಾಗಿ ಇರುತ್ತದೆ. ಅಂದರೆ 4, 6, 8 ಹರ್ಟ್ಜ್, ಸೆಕೆಂಡಿಗೆ ಅಷ್ಟು ಸಲ ಅಲುಗಾಟ. ಪ್ರತಿ ನೆಲಕ್ಕೂ ಅಲುಗುವ ಅದರದ್ದೇ ಒಂದು ಲಯ ಇರುತ್ತದೆ. ಅದು ಇವುಗಳಲ್ಲಿ ಒಂದಕ್ಕೆ ಹೊಂದಿಬಿಟ್ಟರೆ ಮುಗೀತು, ಹಿಂದಿನ ಹೆಜ್ಜೆಯ ನಡುಕ ಇಳಿಯುವ ಮೊದಲೇ ಮುಂದಿನದು ಸೇರಿಕೊಳ್ಳುತ್ತದೆ. ಕೂತವರ ಮೈಗೆ ಜಾಸ್ತಿ ತಟ್ಟುವುದೂ ಈ 4ರಿಂದ 8 ಹರ್ಟ್ಜ್‌ನ ಮೇಲೆ-ಕೆಳಗಿನ ಅಲುಗಾಟವೇ. ಆಫೀಸಿನ ನೆಲದಲ್ಲಿ ಈ ಅಲುಗಾಟದ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ (ಕೆಳಗೆ ಬೀಳುವ ವಸ್ತುವಿನ ವೇಗ ಏರುವ ದರ) 0.5% ದಾಟಬಾರದು ಅಂತ ಉಕ್ಕಿನ ಕಟ್ಟಡ ಕಟ್ಟುವವರಿಗಾಗಿ ಇರುವ ಅಮೆರಿಕದ ಡಿಸೈನ್ ಗೈಡ್ 1997ರಲ್ಲೇ ಬರೆದಿದೆ. ಯಾರಿಗೂ ಗೊತ್ತಿಲ್ಲದ ರಹಸ್ಯ ಏನಲ್ಲ.

ಮೊದಲು ಇಷ್ಟು ತೊಂದರೆ ಇರಲಿಲ್ಲ. ಕಂಬಗಳು ಹತ್ತಿರ ಇರುತ್ತಿದ್ದವು. ನಡುವೆ ಗೋಡೆ, ಕಾಗದ ತುಂಬಿದ ಬೀರು, ಇವೆಲ್ಲ ಸೇರಿ ನಡುಕವನ್ನು ಹೀರಿಕೊಳ್ಳುತ್ತಿದ್ದವು. ಈಗ ಎಲ್ಲರಿಗೂ ಕಂಬವಿಲ್ಲದ ದೊಡ್ಡ ಹಾಲ್ ಬೇಕು, ತೆಳ್ಳಗಿನ ಸ್ಲ್ಯಾಬ್ ಬೇಕು, ಪಾರ್ಟಿಷನ್ ಬೇಡ. ಭಾರ ಹೊರುತ್ತದಾ ಅಂತ ನೋಡುತ್ತಾರೆ. ಮೇಲೆ ಕೂತವರಿಗೆ ಹೇಗಿರುತ್ತದೆ ಅಂತ ಕೇಳುವವರು ಎಷ್ಟು ಜನ?

2011ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ 39 ಮಹಡಿಯ ಕಟ್ಟಡ ಅಲುಗಾಡಿ ಜನರನ್ನೆಲ್ಲ ಹೊರಗೆ ಕಳಿಸಬೇಕಾಯಿತು. ತಜ್ಞರು ಹುಡುಕಿದಾಗ ಸಿಕ್ಕ ಕಾರಣ, 12ನೇ ಮಹಡಿಯ ಜಿಮ್‌ನಲ್ಲಿ ಒಂದೇ ತಾಳಕ್ಕೆ ಕುಣಿದು ವ್ಯಾಯಾಮ ಮಾಡುತ್ತಿದ್ದವರು. ಕಟ್ಟಡ ಬೀಳಲಿಲ್ಲ, ನಿಜ. ಹಾಗಂತ ಒಳಗಿದ್ದವರ ಭಯ ಸುಳ್ಳಾ?

ನಮ್ಮಲ್ಲಿ ಕೊಟ್ಟ ಪರಿಹಾರ ಕಾರ್ಪೆಟ್. ಹೆಜ್ಜೆ ಸದ್ದು ಕಡಿಮೆ ಆಯಿತು, ನಡುಕ ಇದ್ದ ಹಾಗೇ ಇದೆ. ಈಗ ಯಾರು ಬರುತ್ತಿದ್ದಾರೆ ಅಂತಲೂ ಕೇಳಿಸುವುದಿಲ್ಲ, ಸುಮ್ನೆ ಕುರ್ಚಿ ಅಲುಗುತ್ತದೆ.

ಸೆನ್ಸರ್ ಇಟ್ಟು ಒಂದು ದಿನ ಅಳೆಯಿರಿ ಅಂದೆ, ಬಜೆಟ್ ಇಲ್ಲವಂತೆ. ಹೋಗಲಿ, ಓಡಾಡುವ ದಾರಿಯನ್ನಾದರೂ ಕಂಬಗಳ ಸಾಲಿನ ಹತ್ತಿರ ಸರಿಸಿ, ಅಲ್ಲಿ ಸ್ಲ್ಯಾಬ್ ಇಷ್ಟು ಕುಣಿಯುವುದಿಲ್ಲ ಅಂದೆ. ಅದಕ್ಕೆ ನಾಲ್ಕು ಮೇಜು ಎತ್ತಿಟ್ಟರೆ ಸಾಕು. ಸೀಟಿಂಗ್ ಪ್ಲಾನ್ ಫೈನಲ್ ಆಗಿದೆ, ಬದಲಾಯಿಸಲು ಆಗಲ್ಲ ಅಂದರು. ಆ ಪ್ಲಾನ್ ಮಾಡಿದವರು ಒಂದು ವಾರ ಈ ಸೀಟಿನಲ್ಲಿ ಕೂತು ಕೆಲಸ ಮಾಡಲಿ, ಆಮೇಲೆ ಹೇಳಲಿ.