ಗುಜರಿ ಸಾಮಾನಿನ ಸ್ಯಾಂಡರ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಗುಜರಿಯ ಸಾಮಾನಿನಿಂದ ವರ್ಕ್‌ಶಾಪ್ ಉಪಕರಣ ಮಾಡಿಕೊಳ್ಳುವುದು ಒಳ್ಳೆಯ ಕೆಲಸ. ಆದರೆ ಕೈಗೆ ಸಿಕ್ಕ ಮೋಟರಿಗೆ ಕೈಗೆ ಸಿಕ್ಕ ಚಕ್ರ ಕೂರಿಸಿ "ನೋಡಿ, ಗ್ರೈಂಡರ್ ಆಯ್ತು" ಎನ್ನುವ ವಿಡಿಯೋಗಳನ್ನು ನಾನು ಒಪ್ಪುವುದಿಲ್ಲ. ಅಲುಗಾಡದೆ ನಿಲ್ಲುವ ಭಾಗ ಎಷ್ಟು ಹಳೆಯದಾದರೂ ನಡೆಯುತ್ತದೆ. ತಿರುಗುವ ಭಾಗದ ವೇಗ ಮಾತ್ರ ಲೆಕ್ಕ ಹಾಕಿ ತಿಳಿದಿರಲೇಬೇಕು.

ಲೆಕ್ಕ ಕಷ್ಟದ್ದೇನಲ್ಲ. ಮಿಕ್ಸಿಯ ಮೋಟರ್ ಭಾರವಿಲ್ಲದಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ಓಡಬಲ್ಲದು. ಅದಕ್ಕೆ 150 ಮಿ.ಮೀ. ಸಾಣೆಕಲ್ಲು ಹಾಕಿದರೆ ಕಲ್ಲಿನ ಅಂಚು ಸೆಕೆಂಡಿಗೆ 141 ಮೀಟರ್ ವೇಗ ಮುಟ್ಟುತ್ತದೆ. ಬೆಂಚ್ ಗ್ರೈಂಡರಿನ ಸಾಮಾನ್ಯ ಕಲ್ಲಿನ ಮಿತಿ ಸುಮಾರು 35 ಮೀಟರ್. ವೇಗ ನಾಲ್ಕು ಪಟ್ಟಾದರೆ ಕಲ್ಲನ್ನು ಸೀಳುವ ಬಲ ಹದಿನಾರು ಪಟ್ಟಾಗುತ್ತದೆ. ಒಡೆದ ಚೂರು ಹಾರುವುದು ಎದುರಿಗೆ ನಿಂತವರ ಮುಖದ ಎತ್ತರಕ್ಕೆ. ಆ್ಯಂಗಲ್ ಗ್ರೈಂಡರನ್ನು ತಲೆಕೆಳಗೆ ಕಟ್ಟಿ, ಗಾರ್ಡ್ ಕಿತ್ತು, ಮರ ಕೊಯ್ಯುವ ಬ್ಲೇಡ್ ಹಾಕುವುದಂತೂ ಬೇಡವೇ ಬೇಡ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಡಿಸ್ಕ್ ಸ್ಯಾಂಡರ್, ಅಂದರೆ ಉಜ್ಜುಕಾಗದ ಅಂಟಿಸಿದ ತಟ್ಟೆ ತಿರುಗಿಸಿ ಮರ ಉಜ್ಜುವ ಯಂತ್ರ. ಮೋಟರಿಗೆ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್ನಿನ ಬಟ್ಟೆ ಒಗೆಯುವ ಕಡೆಯ ಮೋಟರ್ ಸಾಕು. 50 ಹರ್ಟ್ಸ್ ಕರೆಂಟಿನಲ್ಲಿ ಅದು ನಿಮಿಷಕ್ಕೆ ಸುಮಾರು 1,400 ಸುತ್ತು ಓಡುತ್ತದೆ. 200 ಮಿ.ಮೀ. ಡಿಸ್ಕ್ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 15 ಮೀಟರ್ ಹತ್ತಿರ. ಮರಕ್ಕೆ ಇದು ಹಿತವಾದ ವೇಗ. ಆಸೆಪಟ್ಟು 300 ಮಿ.ಮೀ. ಡಿಸ್ಕ್ ಹಾಕಬೇಡಿ, ಸ್ವಲ್ಪ ಒತ್ತಿದರೂ ಮೋಟರ್ ನಿಂತುಬಿಡುತ್ತದೆ.

ಈ ಮೋಟರಿನಿಂದ ಮೂರು ವೈರ್ ಹೊರಗೆ ಬಂದಿರುತ್ತವೆ. ಮಲ್ಟಿಮೀಟರಿನಲ್ಲಿ ಎರಡೆರಡರ ನಡುವಿನ ಓಮ್ ಅಳೆಯಿರಿ. ಯಾವ ಜೋಡಿಯಲ್ಲಿ ಅತಿ ಹೆಚ್ಚು ಬರುತ್ತದೋ ಆ ಎರಡರ ನಡುವೆ ಕೆಪಾಸಿಟರ್ ಕೂರುತ್ತದೆ, ಉಳಿದ ಮೂರನೆಯದು ಕಾಮನ್, ಅಂದರೆ ಒಳಗಿನ ಎರಡೂ ಸುರುಳಿಗೆ ಸೇರಿದ ವೈರ್. ಸಪ್ಲೈಯ ಒಂದು ವೈರ್ ಕಾಮನ್ನಿಗೆ, ಇನ್ನೊಂದು ಕೆಪಾಸಿಟರಿನ ಯಾವುದಾದರೂ ಒಂದು ತುದಿಗೆ. ತುದಿ ಬದಲಿಸಿದರೆ ಮೋಟರ್ ತಿರುಗುವ ದಿಕ್ಕೂ ಬದಲಾಗುತ್ತದೆ. ಗುಂಯ್ ಎನ್ನುತ್ತಾ ನಿಂತಲ್ಲೇ ನಿಂತು, ಕೈಯಿಂದ ತಿರುವಿದಾಗ ಮಾತ್ರ ಓಡಿದರೆ ಹೆಚ್ಚಾಗಿ ಕೆಪಾಸಿಟರ್ ಸತ್ತಿರುತ್ತದೆ. ಅದೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ ಹೊಸದನ್ನು ಹಾಕಿ. ಕರೆಂಟ್ ಕೊಡುವ ಮೊದಲು ಒಂದೊಂದು ವೈರಿಗೂ ಮೋಟರಿನ ಬಾಡಿಗೂ ನಡುವೆ ಅಳೆಯಿರಿ. ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಏನಾದರೂ ರೀಡಿಂಗ್ ಬಂದರೆ ಆ ಮೋಟರನ್ನು ಗುಜರಿಗೇ ವಾಪಸ್ ಕಳಿಸಿ.

ಡಿಸ್ಕ್ ಮಾಡಲು 12 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡನ್ನು ಒಂದಕ್ಕೊಂದು ಅಂಟಿಸಿ, ರಾತ್ರಿಯಿಡೀ ಭಾರ ಹೇರಿಡಿ. ಶಾಫ್ಟಿಗೆ ಕೂತು ಡಿಸ್ಕನ್ನು ಬೋಲ್ಟಿನಿಂದ ಹಿಡಿಯುವ ಬಿಲ್ಲೆ, ಅಂದರೆ ಫ್ಲ್ಯಾಂಜನ್ನು ಮಾತ್ರ ಲೇತ್ ಕೆಲಸದವರಿಂದ ಮಾಡಿಸಿ: ಮುಖ 80 ಮಿ.ಮೀ., ತೂತು ಶಾಫ್ಟಿನ ಅಳತೆಗೆ ಸರಿಯಾಗಿ. ಕೈ ಡ್ರಿಲ್ಲಿನಲ್ಲಿ ಕೊರೆದ ತೂತು ಸ್ವಲ್ಪ ಓರೆಯಾದರೂ ಡಿಸ್ಕ್ ವಾಲಾಡುತ್ತದೆ, ಆಮೇಲೆ ಎಷ್ಟು ಒದ್ದಾಡಿದರೂ ಸರಿಹೋಗುವುದಿಲ್ಲ. ಟೇಬಲ್ಲಿನ (ಮರದ ತುಂಡು ಇಡಲು ಡಿಸ್ಕಿನ ಮುಂದಿರುವ ಹಲಗೆಯ) ಮೇಲೆ ಪೆನ್ಸಿಲನ್ನು ಗಟ್ಟಿಯಾಗಿ ಹಿಡಿಸಿ, ಡಿಸ್ಕಿನ ಮುಖಕ್ಕೆ ಅಂಚಿನ ಹತ್ತಿರ ತಾಗುವಂತೆ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಿ. ಗುರುತು ಒಂದೇ ಕಡೆ ಬಿದ್ದರೆ ಅದು ಮುಂದಕ್ಕೆ ಚಾಚಿದ ಜಾಗ. ಅದರ ಎದುರು ಬದಿಯಲ್ಲಿ, ಫ್ಲ್ಯಾಂಜ್ ಮತ್ತು ಪ್ಲೈವುಡ್ ನಡುವೆ, ಕಾಗದದ ಚೂರು ಸೇರಿಸಿ ಬೋಲ್ಟ್ ಬಿಗಿಮಾಡಿ. ವಾಲಾಟ ಅರ್ಧ ಮಿ.ಮೀ. ಒಳಗೆ ಬರುವ ತನಕ ಬಿಡಬೇಡಿ. ಇಡೀ ಯಂತ್ರದ ಮರ್ಯಾದೆ ನಿಂತಿರುವುದು ಈ ಅರ್ಧ ಗಂಟೆಯ ಕೆಲಸದ ಮೇಲೆ. ಶಾಫ್ಟನ್ನು ಹಿಂದೆ ಮುಂದೆ ಎಳೆದೂ ನೋಡಿ. ಜಾಸ್ತಿ ಪ್ಲೇ (ಸಡಿಲ) ಇದ್ದರೆ ಒತ್ತಿದಾಗ ಡಿಸ್ಕ್ ಹಿಂದಕ್ಕೆ ಸರಿದು ಟೇಬಲ್ಲಿಗೂ ಡಿಸ್ಕಿಗೂ ನಡುವಿನ ಸಂದು ದೊಡ್ಡದಾಗುತ್ತದೆ.

ಫ್ರೇಮಿಗೆ ಹಳೆಯ ಕಬ್ಬಿಣದ ಮಂಚದ ಆ್ಯಂಗಲ್ ಧಾರಾಳವಾಯಿತು. ಜಿಐ ಪೈಪ್ ಬಳಸುವುದಾದರೆ ವೆಲ್ಡಿಂಗ್ ಜಾಗದ ಸತುವಿನ ಲೇಪವನ್ನು ಮೊದಲು ಪೂರ್ತಿ ಉಜ್ಜಿ ತೆಗೆಯಿರಿ, ಅದರ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬಂದ ಹಾಗಾಗುತ್ತದೆ. ಟೇಬಲ್ ಡಿಸ್ಕಿನ ನಡುಮಟ್ಟಕ್ಕಿಂತ ತುಸು ಕೆಳಗಿರಲಿ, ಮುಖಕ್ಕೆ ಸರಿಯಾಗಿ 90 ಡಿಗ್ರಿ, ಸಂದು 2 ಮಿ.ಮೀ. ಸಂದು ಹೆಚ್ಚಾದರೆ ಸಣ್ಣ ತುಂಡು ಒಳಗೆ ಸಿಕ್ಕಿಕೊಂಡು ಬೆರಳನ್ನೂ ಎಳೆಯುತ್ತದೆ. ಎದುರಿನಿಂದ ನೋಡಿದಾಗ ಡಿಸ್ಕ್ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತಿದ್ದರೆ ಎಡ ಅರ್ಧದಲ್ಲೇ ಕೆಲಸ ಮಾಡಿ. ಅಲ್ಲಿ ಡಿಸ್ಕ್ ಕೆಳಗಿಳಿಯುತ್ತದೆ, ಮರವನ್ನು ಟೇಬಲ್ಲಿಗೆ ಅದುಮಿ ಹಿಡಿಯುತ್ತದೆ. ಬಲಗಡೆ ಇಟ್ಟರೆ ಎತ್ತಿ ಎಸೆಯುತ್ತದೆ.

ಕರೆಂಟಿನ ಕಡೆ ಗುಜರಿ ಬೇಡ. ಮೂರು ಪಿನ್ನಿನ ಹೊಸ ವೈರ್, ಮೋಟರ್ ಬಾಡಿಗೂ ಫ್ರೇಮಿಗೂ ಅರ್ಥ್, ಮತ್ತು ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗದ ಸ್ವಿಚ್. ಡಿಸ್ಕಿಗೂ ಮೋಟರಿಗೂ ನಡುವೆ ಒಂದು ತಗಡಿನ ಅಡ್ಡ ಇರಲಿ, ಧೂಳು ತಡೆಯಲು. ಮೋಟರನ್ನು ಪೂರ್ತಿ ಮುಚ್ಚಬೇಡಿ, ಕಾದು ಸುಡುತ್ತದೆ. ಬಿಟ್ಟು ಬಿಟ್ಟು ಓಡಲು ಮಾಡಿದ ಮೋಟರ್ ಅದು. ಕಾಲು ಗಂಟೆ ಓಡಿಸಿ, ಬಾಡಿಯ ಮೇಲೆ ಕೈ ಇಡಲು ಆಗದಿದ್ದರೆ ತಣಿಯಲು ಬಿಡಿ.

ಇನ್ನು ಗುಜರಿ ಉಕ್ಕಿನಿಂದ ಮಾಡಿಕೊಳ್ಳುವ ಅಲಗಿನ ಮಾತು. ಹ್ಯಾಕ್ಸಾ ಬ್ಲೇಡಿನಿಂದ ಚಾಕು ಮಾಡಲು ಹೋಗಿ ಹರಿತವೇ ನಿಲ್ಲುವುದಿಲ್ಲ ಎನ್ನುವವರು ಬ್ಲೇಡಿನ ಮೇಲೆ ಬೈಮೆಟಲ್ ಎಂದು ಬರೆದಿದೆಯೇ ನೋಡಲಿ. ಅದರಲ್ಲಿ ಗಟ್ಟಿ ಉಕ್ಕು ಇರುವುದು ಹಲ್ಲಿನ ಅಂಚಿನಲ್ಲಿ ಮಾತ್ರ. ಹಳೆಯ ಅರ ಇದಕ್ಕಿಂತ ಒಳ್ಳೆಯದು, ಆದರೆ ಇದ್ದ ಹಾಗೇ ಬಳಸಿದರೆ ಗಾಜಿನಂತೆ ಮುರಿಯುತ್ತದೆ. ಮೊದಲು ಹಲ್ಲಿನ ಗೀರುಗಳನ್ನು ಪೂರ್ತಿ ಸವೆಸಿ, ಬಿರುಕು ಹುಟ್ಟುವುದು ಅಲ್ಲಿಂದಲೇ. ಆಮೇಲೆ 200ರಿಂದ 220 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಒಂದು ಗಂಟೆ ಇಟ್ಟು ತಣಿಸಿ, ಇನ್ನೊಮ್ಮೆ ಹಾಗೇ ಮಾಡಿ. ಉಜ್ಜಿ ಹೊಳಪಾದ ಜಾಗ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಹದ ಸರಿಯಾಗಿದೆ. ಸಾಣೆ ಹಿಡಿಯುವಾಗ ಎರಡು ಮೂರು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದಿ. ಅಂಚು ನೀಲಿಯಾದರೆ ಅಲ್ಲಿ ಹದ ಇಳಿದಿದೆ ಎಂದರ್ಥ, ಆ ನೀಲಿ ಭಾಗವನ್ನು ಪೂರ್ತಿ ಸವೆಸಿ ತೆಗೆದು ಹೊಸ ಅಂಚು ಕಟ್ಟಬೇಕು. ಹೀಗೆ ಮಾಡಿದ ಅಲಗನ್ನು ಕೆರೆಯಲು, ಗೀರಲು ಬಳಸಿ. ಅದರ ತಲೆಯ ಮೇಲೆ ಸುತ್ತಿಗೆ ಏಟು ಬೇಡ.